ಗುಂಪು ಪ್ರವಾಸ: ಮೈಸೂರೋ, ಬಾದಾಮಿಯೋ?

ಇಪ್ಪತ್ತೈದು ಜನ, ಎರಡು ದಿನ, ಒಬ್ಬ ಗೈಡ್. ಅರಸರ ವೈಭವವೂ ಬೇಕು, ಕಲೆಯೂ ಬೇಕು. ಎಲ್ಲಿಗೆ ಹೋಗೋದು?

ಗುಂಪಿನಲ್ಲಿ ಅಜ್ಜ-ಅಜ್ಜಿಯರು ಜಾಸ್ತಿ ಇದ್ದರೆ ಮೈಸೂರು ಸುಲಭ. 1912ರಲ್ಲಿ ಕಟ್ಟಿ ಮುಗಿಸಿದ ಅರಮನೆ, ಜಗನ್ಮೋಹನ ಅರಮನೆಯ ರವಿವರ್ಮನ ಚಿತ್ರಗಳು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಚಿತ್ರಗಳು, ಎಲ್ಲ ಹತ್ತಿರ ಹತ್ತಿರ. ಭಾನುವಾರ ಸಂಜೆ ಅಲ್ಲೇ ಇದ್ದರೆ ದೀಪಾಲಂಕಾರವೂ ಸಿಗುತ್ತದೆ. ಆದರೆ ರಜಾದಿನದ ನೂಕುನುಗ್ಗಲಿನಲ್ಲಿ ಗೈಡ್ ಮಾತು ಹಿಂದಿನವರಿಗೆ ಕೇಳಿಸುವುದೇ ಇಲ್ಲ.

ಬಾದಾಮಿಗೆ ಗೈಡ್ ಇಲ್ಲದೆ ಹೋದರೆ ಸುಮ್ನೆ ಕಲ್ಲು ನೋಡಿ ಬಂದ ಹಾಗೆ. ಮೂರನೇ ಗುಹೆಯಲ್ಲಿ ಚಾಲುಕ್ಯ ವಂಶದ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಹತ್ತಿರದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಪಟ್ಟದಕಲ್ಲಿನಲ್ಲಿ ಉತ್ತರದ ನಾಗರ ಶೈಲಿಯ ಶಿಖರ, ದಕ್ಷಿಣದ ದ್ರಾವಿಡ ಶೈಲಿಯ ವಿಮಾನ (ಗರ್ಭಗುಡಿ ಮೇಲಿನ ಗೋಪುರ) ಒಂದೇ ಅಂಗಳದಲ್ಲಿ ನಿಂತಿವೆ. ಇದನ್ನೆಲ್ಲ ಯಾರಾದರೂ ಬೆರಳು ಮಾಡಿ ತೋರಿಸಬೇಕು, ಅಲ್ವಾ? ಬಾದಾಮಿಯಲ್ಲಿ ಮೆಟ್ಟಿಲುಗಳಿವೆ, ಮಂಗಗಳಿವೆ, ತಿಂಡಿ ಕೈಯಲ್ಲಿ ಹಿಡಿಯಬೇಡಿ. ಏಪ್ರಿಲ್ ಬಿಸಿಲಂತೂ ಬೇಡವೇ ಬೇಡ. ಐಹೊಳೆಗೆ ಅರ್ಧ ದಿನ ಇಟ್ಟುಕೊಳ್ಳಿ.

ಮೊಣಕಾಲು ಗಟ್ಟಿ ಇರುವವರ ಗುಂಪಾದರೆ ನನ್ನ ಓಟು ಬಾದಾಮಿಗೆ.