ಸಿಸೇರಿಯನ್ ನಂತರ ಕೇಳಿದ ಧ್ವನಿಮುದ್ರಿಕೆ: ಉಸಿರು ಸರಿ, ಜಲಪಾತ ಬೇಡ

ಹೆರಿಗೆಯಾದ ಮೂರನೆಯ ದಿನ ಸೀನು ಬಂತು. ದಿಂಬನ್ನು ಹೊಟ್ಟೆಗೆ ಅವಚಿಕೊಂಡೇ ಸೀನಿದೆ. ಆದರೂ ಹೊಲಿಗೆ ಬಿಚ್ಚಿಹೋಯಿತು ಎನ್ನಿಸಿತು. ಬಿಚ್ಚಿರಲಿಲ್ಲ. ಮುಂದಿನ ಸೀನಿಗೆ ಹೆದರಿ ದಿನವಿಡೀ ಮೈ ಬಿಗಿಹಿಡಿದು ಮಲಗಿದ್ದವಳನ್ನು ನೋಡಿ ಅಕ್ಕ ಮೊಬೈಲಿಗೆ ಮೈ ಸಡಿಲಿಸಿ ನೋವು ತಾಳಿಕೊಳ್ಳಲು ಹೇಳಿಕೊಡುವ ಈ ಧ್ವನಿಮುದ್ರಿಕೆ ಹಾಕಿಕೊಟ್ಟಳು. ಧ್ಯಾನ, ಪ್ರಾರ್ಥನೆ ಎಂದರೆ ಮುಖ ತಿರುಗಿಸುವವಳು ನಾನು. ಎದ್ದುಹೋಗುವ ತ್ರಾಣವಿರಲಿಲ್ಲ, ಕೇಳಿದೆ.

ಒಟ್ಟು 20 ನಿಮಿಷ. ಮೊದಲು ಉಸಿರಾಟ, ಆಮೇಲೆ ಒಂದೊಂದೇ ಅಂಗದ ಸ್ನಾಯುವನ್ನು ಬಿಗಿ ಮಾಡಿ ಸಡಿಲ ಬಿಡುವುದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ರೂಪಿಸಿದ ಹಳೆಯ ವಿಧಾನ ಇದು. ಮುಷ್ಟಿ ಕಟ್ಟಿ ಬಿಟ್ಟಾಗಲೇ ಗೊತ್ತಾದದ್ದು, ನನ್ನ ಹೆಗಲು ಕಿವಿಯ ತನಕ ಏರಿ ಕುಳಿತಿದೆ ಎಂದು. ನೋವಿದ್ದದ್ದು ಹೊಟ್ಟೆಯಲ್ಲಿ, ಕಾವಲಿಗೆ ನಿಂತದ್ದು ಇಡೀ ಮೈ.

ಅಷ್ಟರಲ್ಲಿ ಆ ಮಧುರ ದನಿ, 'ಈಗ ಹೊಟ್ಟೆಯನ್ನು ಬಿಗಿ ಮಾಡಿ' ಎಂದಿತು. ಸಿಸೇರಿಯನ್ ಆದವರಿಗೆಂದೇ ಮಾಡಿದ್ದಂತೆ! ಹೇಳಿದಂತೆ ಮಾಡಿ ಕಣ್ಣಲ್ಲಿ ನೀರು ತಂದುಕೊಂಡೆ. ಹೊಟ್ಟೆಯ ಸರದಿ ಬಂದಾಗ ಬರೀ ಉಸಿರಾಡಿ ಸಾಕು ಎಂದು ನರ್ಸ್ ಹೇಳಿದರು. ಹಿನ್ನೆಲೆಯಲ್ಲಿ ಜಲಪಾತದ ಸದ್ದು ಬೇರೆ. ಶೌಚಾಲಯಕ್ಕೆ ಎದ್ದು ಹೋಗುವುದೇ ಯಾತ್ರೆಯಾಗಿರುವಾಗ ನೀರಿನ ಸದ್ದು ಯಾರಿಗೆ ಬೇಕು?

ಆಮೇಲಿನ ಭಾಗ ಮಾತ್ರ ಚೆನ್ನಾಗಿದೆ. ಪ್ರತಿ ಉಸಿರು ಬಿಡುವಾಗಲೂ ನಿಮಗಿಷ್ಟವಾದ ಒಂದು ಪದವನ್ನೋ ಪ್ರಾರ್ಥನೆಯ ಸಾಲನ್ನೋ ಮನಸ್ಸಿನಲ್ಲಿ ಹೇಳಿಕೊಳ್ಳಿ ಎನ್ನುತ್ತದೆ. ಅಜ್ಜಿ ಬಾಯಿಪಾಠ ಮಾಡಿಸಿದ್ದ ಒಂದು ಸಾಲು ತಾನಾಗಿ ಬಂತು. ಭಕ್ತಿ ಹುಟ್ಟಲಿಲ್ಲ, ಉಸಿರು ಉದ್ದವಾಯಿತು. ಮಗು ಮೊಲೆ ಚೀಪುವಾಗ ಸ್ರವಿಸುವ ಹಾರ್ಮೋನು ಆಕ್ಸಿಟೋಸಿನ್‌ನಿಂದ ಗರ್ಭಕೋಶ ಹಿಂಡಿದಂತಾಗುತ್ತದಲ್ಲ, ಆಗ ಮೊಬೈಲ್ ಹುಡುಕುವುದಿಲ್ಲ. ಆ ಸಾಲನ್ನೇ ಐದು ಸಲ ಹೇಳಿಕೊಳ್ಳುತ್ತೇನೆ. ನೋವು ಹೋಗುವುದಿಲ್ಲ, ಅದರ ಜೊತೆ ಕುಸ್ತಿ ಮಾಡುವುದು ನಿಲ್ಲುತ್ತದೆ.

'ಮಾತ್ರೆಯಿಲ್ಲದೆ ನೋವು ಮಾಯ' ಎಂಬ ಈ ಧ್ವನಿಮುದ್ರಿಕೆಯ ಜಾಹೀರಾತನ್ನು ನಂಬಿ ಒಂದು ದಿನ ಮಾತ್ರೆ ತಪ್ಪಿಸಿದೆ. ರಾತ್ರಿ ಮಗ್ಗುಲು ಬದಲಿಸಲು ಇಬ್ಬರು ಹಿಡಿಯಬೇಕಾಯಿತು. ಈಗ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿ, ಅರ್ಧ ಗಂಟೆ ಬಿಟ್ಟು ಇದನ್ನು ಕೇಳುತ್ತೇನೆ. ಜ್ವರ, ಗಾಯದಲ್ಲಿ ಕೀವು, ಮೀನಖಂಡದಲ್ಲಿ ಊತ ಕಂಡರೆ ಯಾವ ದನಿಯನ್ನೂ ಕೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಕೊನೆಯಲ್ಲಿ ಗಂಟೆಯ ನಾದವಿದೆಯಂತೆ, ಅಕ್ಕ ಹೇಳಿದಳು. ಅಲ್ಲಿಯವರೆಗೆ ನಾನಿನ್ನೂ ತಲುಪಿಲ್ಲ. ಮಗು ಮೊದಲೇ ಎದ್ದುಬಿಡುತ್ತದೆ.