ಅಚ್ಚು ಬದಲಾಯಿತು, ಏಜೆಂಟ್ ಬದಲಾಗಲಿಲ್ಲ: ರೋಲ್ ಟೆಂಪ್ಲೇಟ್ ಪ್ಯಾನೆಲ್‌ನೊಂದಿಗೆ 14 ತಿಂಗಳು

ಬಸವನಗುಡಿಯಲ್ಲಿರುವ ನಮ್ಮ ಕಚೇರಿಯಲ್ಲಿ ನಾಲ್ವರು ಸೇರಿ ನಗರದ ಹನ್ನೊಂದು ಅಪಾರ್ಟ್‌ಮೆಂಟ್ ಸಂಘಗಳ ಲೆಕ್ಕಪತ್ರ, ಬಿಲ್ಲು ಮತ್ತು ಪತ್ರವ್ಯವಹಾರಗಳನ್ನು ನೋಡಿಕೊಳ್ಳುತ್ತೇವೆ. ಕೊಟ್ಟ ಕೆಲಸವನ್ನು ತಾವೇ ಮಾಡುವ ಎಐ ಏಜೆಂಟ್‌ಗಳಿಗೆ ರೋಲ್ ಟೆಂಪ್ಲೇಟ್ (ಒಂದು ಪಾತ್ರಕ್ಕೆ ಬೇಕಾದ ಸೂಚನೆ, ಅನುಮತಿಗಳ ಅಚ್ಚು) ರೂಪಿಸುವ ಒಂದು ಅಡ್ಮಿನ್ ಪ್ಯಾನೆಲ್‌ಗೆ 2024ರ ನವೆಂಬರ್‌ನಲ್ಲಿ ವಾರ್ಷಿಕ ಚಂದಾ ಕಟ್ಟಿದೆವು. ಅದರಲ್ಲಿ ಏನೇನು ಸೌಲಭ್ಯಗಳಿವೆ ಎಂಬ ಪಟ್ಟಿ ಮಾರುವವರ ಬಳಿಯೇ ಇರುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಮೊದಲ ಹತ್ತು ತಿಂಗಳು ನಾನು ಈ ಪ್ಯಾನೆಲ್ಲನ್ನು ಸಿಕ್ಕವರ ಮುಂದೆಲ್ಲ ಹೊಗಳಿದ್ದೇನೆ. ಬಿಲ್ ಪರಿಶೀಲಕ, ಪತ್ರ ಬರೆಯುವವ, ನಿವಾಸಿಗಳಿಗೆ ಉತ್ತರಿಸುವವ ಎಂಬ ಮೂರು ರೋಲ್‌ಗಳನ್ನು ಬರೆಯಲು ನನಗೆ ನಾಲ್ಕು ಶನಿವಾರಗಳು ಬೇಕಾದವು. ನಮ್ಮ ಹಿರಿಯ ಲೆಕ್ಕಿಗರು ಮೂವತ್ತು ವರ್ಷ ಬಾಯಿಮಾತಿನಲ್ಲಿಯೇ ಕಲಿಸುತ್ತ ಬಂದದ್ದು ಆಗ ಮೊದಲ ಬಾರಿಗೆ ಬರಹಕ್ಕೆ ಇಳಿಯಿತು: ಸಂಘವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆಯೋ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿಯೋ ಎಂದು ಮೊದಲು ತಿಳಿದುಕೊಳ್ಳಬೇಕು, ತಿಂಗಳ ನಿರ್ವಹಣಾ ಶುಲ್ಕ ತಲಾ 7,500 ರೂಪಾಯಿ ದಾಟಿದ್ದರೆ ಜಿಎಸ್‌ಟಿಯ ಮಾತೆತ್ತಬೇಕು, ಬಾಕಿ ಉಳಿಸಿಕೊಂಡವರಿಗೆ ಬರೆಯುವ ಮೊದಲ ಪತ್ರದಲ್ಲಿ ಬಡ್ಡಿಯ ಪ್ರಸ್ತಾಪ ಕೂಡದು.

ಬೆಳಿಗ್ಗೆ ಒಂಬತ್ತೂವರೆಗೆ ಕಚೇರಿಯ ಬಾಗಿಲು ತೆಗೆದು, ಕಾಫಿ ಲೋಟ ಕೈಯಲ್ಲಿ ಹಿಡಿದೇ ಪ್ಯಾನೆಲ್ಲಿನ ಪರೀಕ್ಷಾ ಕಿಟಕಿಯನ್ನು (ಬರೆದ ರೋಲ್ ಹೇಗೆ ಉತ್ತರಿಸುತ್ತದೆಂದು ನೋಡುವ ಜಾಗ) ತೆರೆಯುವುದು ನನಗೆ ರೂಢಿಯಾಯಿತು. ಅದರಲ್ಲಿ ಯಾವಾಗಲೂ ಅದೇ ಮೂರು ಹಳೆಯ ಕಾಗದಗಳನ್ನು ಹಾಕುತ್ತೇನೆ. ಒಂದು ಬೋರ್‌ವೆಲ್ ದುರಸ್ತಿಯ ಬಿಲ್ಲು, ಇನ್ನೊಂದು ಪಾಲಿಕೆಗೆ ಬರೆಯಬೇಕಾದ ಚರಂಡಿ ದೂರು. ಮೂರನೆಯದು, ನೆಲಮಾಳಿಗೆಯಲ್ಲಿ ನೀರು ನಿಂತಿದೆಯೆಂದು ಹಿರಿಯ ನಿವಾಸಿಯೊಬ್ಬರು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಸಿಟ್ಟಿನಿಂದ ಬರೆದದ್ದು. ಉತ್ತರದಲ್ಲಿ ಬಹುವಚನ ತಪ್ಪಿಲ್ಲವೆಂದು, ಮೊದಲ ಸಾಲಿನಲ್ಲಿಯೇ ನೀರಿನ ವಿಷಯ ಬಂದಿದೆಯೆಂದು ಖಚಿತವಾದ ಮೇಲೆಯೇ ಟೆಂಪ್ಲೇಟನ್ನು ಉಳಿಸುತ್ತೇನೆ.

ಖರ್ಚಿನ ಬಗ್ಗೆ ಒಂದು ಮಾತು. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷ’ ಎಂಬುದು ಮೂರು ಸಂಕೇತಗಳ ಕೂಡಿಕೆಯಾದ್ದರಿಂದ 9 ಬೈಟ್ ತಿನ್ನುತ್ತದೆ. ಬೈಟ್ ಮತ್ತು ಟೋಕನ್ (ಎಐ ಪಠ್ಯವನ್ನು ಒಡೆದು ಓದುವ, ಖರ್ಚನ್ನು ಎಣಿಸುವ ತುಣುಕು) ಒಂದೇ ಅಲ್ಲವಾದರೂ ಅದೇ ಅರ್ಥದ ಕನ್ನಡ ಪಠ್ಯಕ್ಕೆ ಸಾಮಾನ್ಯವಾಗಿ ಹೆಚ್ಚು ಟೋಕನ್ ಹಿಡಿಯುತ್ತದೆ, ಮತ್ತು ರೋಲ್‌ನ ಸೂಚನೆಗಳು ಪ್ರತಿ ಸಂಭಾಷಣೆಯ ಜೊತೆಗೂ ಹೋಗುತ್ತವೆ. ಆದ್ದರಿಂದ ನಿಯಮಗಳನ್ನು ಇಂಗ್ಲಿಷಿನಲ್ಲಿ, ಮಾದರಿ ಪತ್ರಗಳನ್ನು ಮಾತ್ರ ಕನ್ನಡದಲ್ಲಿ ಇಟ್ಟಿದ್ದೇನೆ. ಮನಸ್ಸಿಗೆ ಹಿತವಲ್ಲ, ಜೇಬಿಗೆ ಹಿತ.

ಇನ್ನು ಕಹಿ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ಅದೇ ತಿಂಗಳ 22ರಿಂದ ಜಿಎಸ್‌ಟಿ ದರಗಳು ಬದಲಾಗಿ, ಸಿಮೆಂಟಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಎರಡೂ ಸಲ ನಾನು ಟೆಂಪ್ಲೇಟ್‌ಗಳನ್ನು ಆಯಾ ದಿನವೇ ತಿದ್ದಿದೆ. ಪರೀಕ್ಷಾ ಕಿಟಕಿಯಲ್ಲಿ ಎಲ್ಲ ಉತ್ತರಗಳೂ ಸರಿಯಾಗಿ ಬಂದವು. ಆದರೆ ತಿಂಗಳ ಕೊನೆಯಲ್ಲಿ ಕಾಂಪೌಂಡ್ ಗೋಡೆ ಕಟ್ಟಿದ ಗುತ್ತಿಗೆದಾರರು ಫೋನ್ ಮಾಡಿ, ತಾವು ಸಿಮೆಂಟಿಗೆ ಶೇ 18 ಹಾಕಿದ್ದು ತಪ್ಪೆಂದೂ ಶೇ 28 ಹಾಕಬೇಕೆಂದೂ ನಮ್ಮ ಕಚೇರಿಯಿಂದಲೇ ಪತ್ರ ಬಂದಿದೆಯೆಂದು ನಗುತ್ತ ಹೇಳಿದರು. ಹುಡುಕಿ ನೋಡಿದರೆ, ಚರಂಡಿ ದೂರುಗಳೂ ಇಲ್ಲದ ಬಿಬಿಎಂಪಿಯ ಆಯುಕ್ತರಿಗೇ ಹೋಗುತ್ತಿದ್ದವು.

ಕಾರಣ ಸರಳವಾಗಿತ್ತು. ಈ ಪ್ಯಾನೆಲ್ಲಿನಲ್ಲಿ ಟೆಂಪ್ಲೇಟ್‌ನಿಂದ ಏಜೆಂಟ್ ಸೃಷ್ಟಿಯಾದ ಕ್ಷಣದಲ್ಲಿ ಸೂಚನೆಗಳ ಒಂದು ನಕಲು ಅದರೊಳಗೆ ಸೇರಿಬಿಡುತ್ತದೆ. ಆಮೇಲೆ ಇವೆರಡಕ್ಕೂ ಸಂಬಂಧವಿಲ್ಲ. ಪರೀಕ್ಷಾ ಕಿಟಕಿ ಪರೀಕ್ಷಿಸುವುದು ಟೆಂಪ್ಲೇಟನ್ನೇ ಹೊರತು ಕೆಲಸದಲ್ಲಿರುವ ಏಜೆಂಟನ್ನಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಅಚ್ಚನ್ನು ಇವತ್ತು ಎಷ್ಟು ಕೆತ್ತಿದರೂ ನಿನ್ನೆ ಎರೆದು ತೆಗೆದ ಆನೆಯ ಸೊಂಡಿಲು ಬದಲಾಗುವುದಿಲ್ಲವಲ್ಲ, ಹಾಗೆ. ಮೂರು ರೋಲ್‌ಗಳಿಂದ ಹನ್ನೊಂದು ಸಂಘಗಳಿಗೆ ಮಾಡಿದ 33 ಏಜೆಂಟ್‌ಗಳನ್ನು ಒಂದೊಂದಾಗಿ ತೆರೆದು ತಿದ್ದಲು ಎರಡು ದಿನ ಹಿಡಿಯಿತು. ಸಹಾಯ ವಿಭಾಗದವರು ಇದು ದೋಷವಲ್ಲ, ಹೀಗೆಯೇ ವಿನ್ಯಾಸ ಮಾಡಲಾಗಿದೆ ಎಂದು ಉತ್ತರಿಸಿದರು.

ಹಾಗಿದ್ದರೆ ‘ರೋಲ್’ ಎಂಬ ಹೆಸರಿಡಬಾರದಿತ್ತು ಎಂಬುದು ನನ್ನ ಆಕ್ಷೇಪ. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿಯ ಫೆರಾಯೊಲೊ ಮತ್ತು ಕುನ್ 1992ರಲ್ಲಿಯೇ ರೋಲ್ ಆಧಾರಿತ ಅನುಮತಿಯ ಮಾದರಿಯನ್ನು ಮಂಡಿಸಿದ್ದರು; ಅದರ ತಿರುಳೇ ಅನುಮತಿಯನ್ನು ವ್ಯಕ್ತಿಗಲ್ಲದೆ ರೋಲ್‌ಗೆ ಅಂಟಿಸುವುದು, ರೋಲ್ ಬದಲಾದರೆ ಅದನ್ನು ಹೊತ್ತವರೆಲ್ಲರ ಅಧಿಕಾರವೂ ಬದಲಾಗುವುದು. ಇಲ್ಲಿ ಅದಕ್ಕೆ ತದ್ವಿರುದ್ಧ. ಗುತ್ತಿಗೆದಾರರ ಪ್ರಸಂಗದ ಬಳಿಕ, ಬಿಲ್ ಪರಿಶೀಲಕನಿಗೆ ನೇರವಾಗಿ ಮೇಲ್ ಕಳುಹಿಸುವ ಅಧಿಕಾರ ಬೇಡವೆಂದು ಟೆಂಪ್ಲೇಟ್‌ನಲ್ಲಿ ಆ ಅನುಮತಿ ತೆಗೆದೆ. ಹಳೆಯ ಹನ್ನೊಂದರಲ್ಲಿಯೂ ಅದು ಹಾಗೆಯೇ ಉಳಿದಿತ್ತು. ತಪ್ಪು ತೆರಿಗೆ ದರ ನಗೆಪಾಟಲಾದರೆ, ತೆಗೆದೆವೆಂದುಕೊಂಡ ಅನುಮತಿ ಉಳಿದಿರುವುದು ಅಪಾಯ.

ನನ್ನ ತಪ್ಪೂ ಇದೆ. ತೆರಿಗೆ ದರ, ಪಾಲಿಕೆಯ ಹೆಸರುಗಳಂಥ ಬದಲಾಗುವ ಸಂಗತಿಗಳನ್ನು ರೋಲ್‌ನೊಳಗೆ ಬರೆಯಬಾರದಿತ್ತು. ಈಗ ಅವೆಲ್ಲ ಒಂದು ಹಂಚಿಕೆಯ ಕಡತದಲ್ಲಿವೆ, ಏಜೆಂಟ್‌ಗಳು ಪ್ರತಿ ಸಲ ಅದನ್ನೇ ಓದುತ್ತವೆ. ರೋಲ್‌ನಲ್ಲಿ ಉಳಿದಿರುವುದು ನಡವಳಿಕೆ ಮತ್ತು ಅಧಿಕಾರದ ಮಿತಿ ಮಾತ್ರ. ಯಾವ ಏಜೆಂಟ್ ಯಾವ ದಿನಾಂಕದ ಟೆಂಪ್ಲೇಟ್‌ನಿಂದ ಬಂದಿದೆ ಎಂಬುದನ್ನು ನಮ್ಮ ಲೆಕ್ಕಿಗರು ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ಪೆನ್ನಿನಿಂದ ಬರೆದಿಡುತ್ತಾರೆ. ಬೆಳಗಿನ ಮೂರು ಕಾಗದಗಳನ್ನು ಈಗ ಪರೀಕ್ಷಾ ಕಿಟಕಿಗೆ ಹಾಕುವುದಿಲ್ಲ. ದಿನಕ್ಕೊಂದು ಸಂಘದಂತೆ, ಕೆಲಸದಲ್ಲಿರುವ ಏಜೆಂಟ್‌ಗಳಿಗೇ ಕೊಡುತ್ತೇನೆ.

ಮೂರು ರೋಲ್, ನಾಲ್ಕೈದು ಏಜೆಂಟ್ ಇರುವವರಿಗೆ ಈ ಪ್ಯಾನೆಲ್ಲನ್ನು ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ರೋಲ್ ಬರೆಯುವ ಪುಟ ನಿಜಕ್ಕೂ ಸೊಗಸಾಗಿದೆ. ಹತ್ತು ದಾಟಿದವರು ಕೊಳ್ಳುವ ಮುನ್ನ ಒಂದು ಟೆಂಪ್ಲೇಟನ್ನು ತಿದ್ದಿ, ಅದರಿಂದ ಮೊದಲೇ ಮಾಡಿದ್ದ ಏಜೆಂಟ್ ಏನು ಹೇಳುತ್ತದೆಂದು ಕೇಳಿ ನೋಡಲಿ. 2025ರ ನವೆಂಬರ್‌ನಲ್ಲಿ ನಾನು ವಾರ್ಷಿಕ ಚಂದಾವನ್ನು ಬಿಟ್ಟು ತಿಂಗಳ ಚಂದಾಕ್ಕೆ ಬಂದಿದ್ದೇನೆ.