ರೇಸ್ ಕೊಟ್ಟರೆ ಆಫ್ ಆಗುವ ಹಳೇ ಎಂಪಿಎಫ್‌ಐ ಕಾರು: ಸ್ಕ್ಯಾನರ್‌ಗಿಂತ ಪ್ರೆಶರ್ ಗೇಜ್ ಮೇಲು

ಐಡ್ಲಿಂಗ್‌ನಲ್ಲಿ ಏನೂ ತಕರಾರಿಲ್ಲ. ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಎಂಜಿನ್ ಮುಗ್ಗರಿಸಿ ನಿಂತುಬಿಡುತ್ತದೆ. ಮಾರುತಿಯ ಎಸ್ಟೀಮ್, ಝೆನ್, 800ರಂಥ, ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಹಳೇ ಎಂಪಿಎಫ್‌ಐ ಕಾರು ಇಟ್ಟುಕೊಂಡವರಿಗೆ ಇದು ಹೊಸ ಕಾಯಿಲೆಯಲ್ಲ. ಕಾರಣ ಹುಡುಕಲು ಜನ ಹಿಡಿಯುವ ದಾರಿ ನಾಲ್ಕು: ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಸ್ಕ್ಯಾನರ್, ಪೆಟ್ರೋಲ್ ಪ್ರೆಶರ್ ಗೇಜ್, ವ್ಯಾಕ್ಯೂಮ್ ಗೇಜ್, ಇಲ್ಲವೇ ಅನುಮಾನ ಬಂದ ಸ್ಪೇರ್‌ಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋಗುವುದು. ನಾಲ್ಕನ್ನೂ ಒಂದೇ 1300 ಸಿಸಿ ಎಸ್ಟೀಮ್ ಮೇಲೆ ಹಚ್ಚಿ ನೋಡಿಯಾಗಿದೆ. ಕೊಂಡಿದ್ದಕ್ಕೆ ಸಾರ್ಥಕ ಅನ್ನಿಸಿದ್ದು ಪ್ರೆಶರ್ ಗೇಜ್ ಒಂದೇ.

ಲೆಕ್ಕ ಸರಳ. ಐಡ್ಲಿಂಗ್‌ನಲ್ಲಿ ಈ ಎಂಜಿನ್ ಕುಡಿಯುವುದು ಗಂಟೆಗೆ ಒಂದು ಲೀಟರ್‌ಗೂ ಕಡಿಮೆ ಪೆಟ್ರೋಲ್. ಪೂರ್ತಿ ಒತ್ತಿ ಓಡಿಸಿದರೆ ಅದೇ ಲೆಕ್ಕ 20 ಲೀಟರ್ ದಾಟುತ್ತದೆ. ಸೋತ ಪಂಪು, ಕಟ್ಟಿಕೊಂಡ ಫಿಲ್ಟರು ಮೊದಲನೆಯದನ್ನು ಹೇಗೋ ಒದಗಿಸುತ್ತವೆ, ಎರಡನೆಯದರಲ್ಲಿ ಕೈಚೆಲ್ಲುತ್ತವೆ. ನಿಂತ ಕಾರಿನಲ್ಲಿ ಪಂಪಿನ ಸದ್ದು ಕೇಳಿ "ಪಂಪ್ ಸರಿಯಾಗಿದೆ" ಎಂದು ತೀರ್ಪು ಕೊಡುವುದು ಇದೇ ಕಾರಣಕ್ಕೆ ತಪ್ಪಾಗುತ್ತದೆ.

ಮೊದಲು ಸ್ಕ್ಯಾನರ್. ಇಎಲ್‌ಎಂ 327 ಚಿಪ್ಪಿನ ಅಗ್ಗದ ಸ್ಕ್ಯಾನರ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಕೊಳ್ಳುವ ಮನಸ್ಸೂ ಆಗುತ್ತದೆ. ಆದರೆ ನಮ್ಮಲ್ಲಿ ಓಬಿಡಿ, ಅಂದರೆ ಕಾರೇ ತನ್ನ ದೋಷ ದಾಖಲಿಸಿ ಸ್ಕ್ಯಾನರಿಗೆ ಹೇಳುವ ವ್ಯವಸ್ಥೆ, ಕಡ್ಡಾಯವಾಗಿದ್ದು ಭಾರತ್ ಸ್ಟೇಜ್ 4ರ ಹೊಗೆ ನಿಯಮದ ಜೊತೆಗೆ, 2010ರಿಂದ 2013ರೊಳಗೆ ಹಂತ ಹಂತವಾಗಿ. ಅದಕ್ಕಿಂತ ಹಳೆಯ ಮಾರುತಿಗಳಲ್ಲಿ ಕೆಲವಕ್ಕೆ ಡ್ಯಾಶ್ ಕೆಳಗೆ 16 ಪಿನ್ನಿನ ಸಾಕೆಟ್ ಇದ್ದರೂ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮಾತಾಡುವುದು ಸುಜುಕಿಯ ಸ್ವಂತ ಭಾಷೆ. ಸ್ಕ್ಯಾನರಿನ ದೀಪ ಮಿನುಗುತ್ತದೆ, ಆ್ಯಪ್ ಮಾತ್ರ ಸಂಪರ್ಕ ಸಿಗುತ್ತಿಲ್ಲ ಎನ್ನುತ್ತಲೇ ಇರುತ್ತದೆ. ಸಂಪರ್ಕ ಸಿಕ್ಕ ಕಾರುಗಳಲ್ಲೂ ಪೆಟ್ರೋಲ್ ಪ್ರೆಶರ್ ತೋರಿಸುವ ಸೆನ್ಸರ್ ಇಲ್ಲ. ಎಂದಮೇಲೆ ಮುಖ್ಯ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.

ಈ ಕಾರುಗಳಲ್ಲಿ ಕೋಡ್ ನೋಡಲು ಸ್ಕ್ಯಾನರೇ ಬೇಕಿಲ್ಲ. ಡಯಾಗ್ನಸಿಸ್ ಕನೆಕ್ಟರಿನಲ್ಲಿ ಟೆಸ್ಟ್ ಪಿನ್ನನ್ನೂ ಅರ್ತ್ ಪಿನ್ನನ್ನೂ ತುಂಡು ವೈರಿನಿಂದ ಕೂಡಿಸಿ ಇಗ್ನಿಷನ್ ಆನ್ ಮಾಡಿದರೆ ಚೆಕ್ ಎಂಜಿನ್ ದೀಪವೇ ಮಿನುಗಿ ಕೋಡ್ ಹೇಳುತ್ತದೆ. ಒಂದು ಮಿನುಗು, ಸ್ವಲ್ಪ ತಡೆದು ಎರಡು ಮಿನುಗು ಬಂದರೆ 12, ಅಂದರೆ ದೋಷ ದಾಖಲಾಗಿಲ್ಲ. 21 ಅಥವಾ 22 ಥ್ರಾಟಲ್ ಪೊಸಿಷನ್ ಸೆನ್ಸರಿನದು, 31 ಅಥವಾ 32 ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ) ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನದು. ಪಿನ್ ಯಾವುದೆಂದು ಆಯಾ ಮಾದರಿಯ ವೈರಿಂಗ್ ನಕ್ಷೆ ನೋಡಿ ಖಚಿತಪಡಿಸಿಕೊಳ್ಳದೆ ವೈರ್ ಚುಚ್ಚಬೇಡಿ.

ಇನ್ನು ಗೇಜ್. ಪೆಟ್ಟಿಗೆಯ ಕಿಟ್ ಎರಡು ಸಾವಿರದ ಆಸುಪಾಸು. ಬೆಲೆಯ ಬಗ್ಗೆ ದೂರಿಲ್ಲ, ತಲೆನೋವು ಅದನ್ನು ಲೈನಿಗೆ ಜೋಡಿಸುವುದರಲ್ಲಿದೆ. ಕಿಟ್ಟಿನ ಮುಕ್ಕಾಲು ಪಾಲು ಫಿಟಿಂಗ್‌ಗಳು ಫ್ಯೂಯೆಲ್ ರೇಲ್ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಮೇಲೆ ಟೈರ್ ವಾಲ್ವಿನಂಥ ಟೆಸ್ಟ್ ಪೋರ್ಟ್ ಇರುವ ಕಾರುಗಳಿಗೆ. ಎಸ್ಟೀಮ್ ರೇಲಿನಲ್ಲಿ ಆ ಪೋರ್ಟ್ ಇಲ್ಲ. ಫಿಲ್ಟರಿನಿಂದ ರೇಲಿಗೆ ಬರುವ ರಬ್ಬರ್ ಹೋಸ್ ಬಿಡಿಸಿ, ನಡುವೆ ಟೀ ಜಾಯಿಂಟ್ ಹಾಕಿ, ಅದರ ಮೂರನೇ ಕಾಲಿಗೆ ಗೇಜ್ ಕಟ್ಟಬೇಕು. ಟೀಯ ದಪ್ಪವು ಹೋಸಿನ ಒಳ ಅಳತೆಗೆ ಸರಿಹೊಂದಬೇಕು. ಒಂದು ಮಿಲಿಮೀಟರ್ ಸಣ್ಣದಾದರೂ ಕ್ಲಿಪ್ ಎಷ್ಟು ಬಿಗಿದರೂ ಜಿನುಗುತ್ತದೆ.

ಹೋಸ್ ವಿಷಯದಲ್ಲಿ ಜಿಪುಣತನ ಮಾಡಲೇಬಾರದು. ಅಂಗಡಿಯಲ್ಲಿ "ಪೆಟ್ರೋಲ್ ಪೈಪ್" ಎಂದು ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ ಕಾರ್ಬ್ಯುರೇಟರ್ ಕಾಲದ ಪೈಪು. ಮೈಮೇಲೆ ಆರ್9 ಎಂದು ಅಚ್ಚಾಗಿರುವ ಇಂಜೆಕ್ಷನ್ ಹೋಸನ್ನೇ ಕೇಳಿ ಪಡೆಯಿರಿ. ಅದು 100 ಪಿಎಸ್‌ಐಗೆ ತಯಾರಾದದ್ದು, ಕಾರ್ಬ್ಯುರೇಟರಿನ ಆರ್7 ಬರೀ 50ಕ್ಕೆ. ನಮ್ಮ ಲೈನಿನಲ್ಲಿ 45 ಪಿಎಸ್‌ಐವರೆಗೆ ಇರುತ್ತದೆ, ಹೋಸ್ ಹಿಸುಕಿ ಪರೀಕ್ಷಿಸುವಾಗ ಇನ್ನೂ ಏರುತ್ತದೆ. ಕ್ಲಿಪ್ಪು ಕೂಡ ಹಲ್ಲು ಕೊರೆದ ಪಟ್ಟಿಯದು ಬೇಡ, ರಬ್ಬರನ್ನು ಕೊಯ್ಯುತ್ತದೆ. ಅಂಚು ಮಡಿಸಿದ, ಬೋಲ್ಟ್ ಬಿಗಿಯುವ ಇಂಜೆಕ್ಷನ್ ಕ್ಲಿಪ್ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ.

ಬಿಡಿಸುವ ಮೊದಲು ಲೈನಿನ ಪ್ರೆಶರ್ ಇಳಿಸಿ. ಪಂಪಿನ ರಿಲೇ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ, ತಾನೇ ನಿಲ್ಲುವವರೆಗೆ ಬಿಡಿ, ಆಮೇಲೆ ಎರಡು ಮೂರು ಸಲ ಕ್ರ್ಯಾಂಕ್ ಹೊಡೆಸಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಎಂಜಿನ್ ತಣ್ಣಗಿರಲಿ, ಹೋಸ್ ಸುತ್ತ ಬಟ್ಟೆ ಇರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ. ಜೋಡಿಸಿದ ಮೇಲೆ ಬ್ಯಾಟರಿ, ರಿಲೇ ಮತ್ತೆ ಹಾಕಿ ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ನಾಲ್ಕೈದು ಸಲ ಆನ್ ಆಫ್ ಮಾಡಿ. ಪ್ರತಿ ಸಲ ಪಂಪು ಎರಡು ಮೂರು ಸೆಕೆಂಡ್ ಓಡುತ್ತದೆ. ಟೀ ಸುತ್ತ ಬೆರಳಾಡಿಸಿ, ಒಂದು ಹನಿ ತೇವ ಕಂಡರೂ ಸ್ಟಾರ್ಟ್ ಮಾಡಬೇಡಿ.

ಓದುವುದು ಹೀಗೆ. ಪಂಪು ಓಡುತ್ತಿದ್ದು ಎಂಜಿನ್ ನಿಂತಿದ್ದಾಗ ಚದರ ಸೆಂಟಿಮೀಟರಿಗೆ 2.7ರಿಂದ 3.1 ಕೆಜಿ (ಸುಮಾರು 38ರಿಂದ 44 ಪಿಎಸ್‌ಐ). ಐಡ್ಲಿಂಗ್‌ನಲ್ಲಿ 2.1ರಿಂದ 2.6, ಏಕೆಂದರೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್, ಪ್ರೆಶರ್ ಹದದಲ್ಲಿಡುವ ರೆಗ್ಯುಲೇಟರಿನ ಡಯಾಫ್ರಮನ್ನು ಎಳೆದು ಪ್ರೆಶರ್ ಇಳಿಸುತ್ತದೆ. ಗಕ್ಕನೆ ರೇಸ್ ಕೊಟ್ಟಾಗ ವ್ಯಾಕ್ಯೂಮ್ ಬೀಳುತ್ತದೆ, ಆಗ ಮುಳ್ಳು ಮೇಲೇರಬೇಕು. ಇಡೀ ಪರೀಕ್ಷೆ ನಿಂತಿರುವುದು ಈ ಒಂದು ಗಳಿಗೆಯ ಮೇಲೆ. ಏರಬೇಕಾದ ಹೊತ್ತಿಗೆ ಮುಳ್ಳು ಇಳಿದರೆ ಪೆಟ್ರೋಲ್ ಸಾಲುತ್ತಿಲ್ಲ, ಬೇರೆಲ್ಲೂ ಹುಡುಕುವುದು ಬೇಡ. ಪ್ರಯೋಗದ ಕಾರಿನಲ್ಲಿ ಐಡ್ಲಿಂಗ್ 2.4 ಇದ್ದದ್ದು ರೇಸ್ ಕೊಟ್ಟಾಗ 1.3ಕ್ಕೆ ಕುಸಿದು ಎಂಜಿನ್ ಆಫ್ ಆಯಿತು.

ಸಾಲುತ್ತಿಲ್ಲ ಅಂದಮೇಲೆ ಯಾರ ತಪ್ಪು? ಟ್ಯಾಂಕಿಗೆ ಹಿಂದಿರುಗುವ ರಿಟರ್ನ್ ಹೋಸನ್ನು ಬಟ್ಟೆ ಸುತ್ತಿ ಇಕ್ಕಳದಿಂದ ಎರಡು ಸೆಕೆಂಡ್ ಹಿಸುಕಿ. ಪ್ರೆಶರ್ 4 ಕೆಜಿ ದಾಟಿ ಜಿಗಿದರೆ ಪಂಪಿಗೆ ತಾಕತ್ತಿದೆ, ರೆಗ್ಯುಲೇಟರ್ ನೋಡಿ. ಅದರ ವ್ಯಾಕ್ಯೂಮ್ ಹೋಸಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಡಯಾಫ್ರಮ್ ಹರಿದಿದೆ. ಪ್ರೆಶರ್ ಏರದಿದ್ದರೆ ಫಿಲ್ಟರ್, ಪಂಪು, ಪಂಪಿನ ಬುಡದ ಸ್ಟ್ರೈನರ್ ಜಾಲರಿ, ಇಷ್ಟರಲ್ಲೇ ದೋಷವಿದೆ. ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ವಲ್ಪ ದೂರ ಚೆನ್ನಾಗಿ ಓಡುವ ಕಾರಿನಲ್ಲಿ ಜಾಲರಿಯ ಮೇಲೇ ಹೆಚ್ಚು ಅನುಮಾನ: ಹೀರುವಾಗ ಅಂಟಿದ ಕೊಳೆ ಪಂಪು ನಿಂತಾಗ ಉದುರಿ ಕೆಳಗಿಳಿಯುತ್ತದೆ. ಇಲ್ಲಿ ಸಿಕ್ಕಿದ್ದೂ ಅದೇ, ತುಕ್ಕು ಬಣ್ಣದ ಕೆಸರು. ಜಾಲರಿ, ಫಿಲ್ಟರ್ ಎರಡೂ ಬದಲಾದ ಮೇಲೆ ರೇಸ್ ಕೊಟ್ಟರೆ ಮುಳ್ಳು 2.9ಕ್ಕೆ ಏರುತ್ತದೆ.

ಪಂಪೇ ಹೋಗಿದೆ ಎಂದು ಹಣ ಕಟ್ಟುವ ಮೊದಲು ಮಲ್ಟಿಮೀಟರ್ ಹಿಡಿದು ಪಂಪಿನ ಕನೆಕ್ಟರಿನಲ್ಲಿ, ಎಂಜಿನ್ ಓಡುತ್ತಿರುವಾಗಲೇ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 13.8 ಇದ್ದು ಇಲ್ಲಿ 11 ಬಂದರೆ ಅರ್ತ್ ಪಾಯಿಂಟೋ ರಿಲೇ ಕಾಂಟ್ಯಾಕ್ಟೋ ಕೊಳೆತಿದೆ. ಎಷ್ಟೋ ಹೊಸ ಪಂಪುಗಳು ಈ ಒಂದು ಅಳತೆ ಮಾಡದ ಕಾರಣಕ್ಕೇ ವ್ಯರ್ಥವಾಗಿ ಕಾರಿಗೆ ಬಿದ್ದಿವೆ.

ವ್ಯಾಕ್ಯೂಮ್ ಗೇಜಿಗೆ ನನ್ನ ಎರಡನೇ ಸ್ಥಾನ. ರೇಸ್ ಕೊಟ್ಟಾಗ ಪ್ರೆಶರ್ ಸರಿಯಾಗಿಯೇ ಇದ್ದರೆ ಮುಂದಿನ ಶಂಕೆ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆಯೇ ಎಂಬುದು. 2500 ಆರ್‌ಪಿಎಂನಲ್ಲಿ ಹಿಡಿದಿಟ್ಟಾಗ ಮುಳ್ಳು ಮೆಲ್ಲಮೆಲ್ಲನೆ ಇಳಿಯುತ್ತ ಬಂದರೆ ಹೊಗೆಗೆ ದಾರಿಯಿಲ್ಲ ಎಂದರ್ಥ. ಪುಸ್ತಕದಲ್ಲಿ ಐಡ್ಲಿಂಗಿಗೆ ಕೊಟ್ಟಿರುವ 17ರಿಂದ 21 ಇಂಚು (ಪಾದರಸದ ಮಟ್ಟದ ಅಳತೆ) ಸಮುದ್ರಮಟ್ಟದ ಲೆಕ್ಕ. ಮಂಗಳೂರಿಗೆ ಅದು ಸರಿ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮೂರು ಇಂಚು ಕಡಿಮೆಯೇ ಬರುತ್ತದೆ. ಅದನ್ನು ನೋಡಿ ವಾಲ್ವ್ ಹೋಗಿದೆ ಎಂದು ಹೆಡ್ ಬಿಚ್ಚಿಸಬೇಡಿ.

ಸ್ಪೇರ್ ಬದಲಾಯಿಸುತ್ತ ಹೋಗುವುದು ನಾಲ್ಕರಲ್ಲೂ ದುಬಾರಿ. ಥ್ರಾಟಲ್ ಬಾಡಿ ಕ್ಲೀನಿಂಗ್ ಐಡ್ಲಿಂಗ್‌ನಲ್ಲಿ ನಿಲ್ಲುವ ಕಾರಿಗೆ ಮದ್ದು, ರೇಸ್‌ನಲ್ಲಿ ನಿಲ್ಲುವುದಕ್ಕಲ್ಲ. ಏರ್ ಫಿಲ್ಟರಿನಿಂದ ಥ್ರಾಟಲಿಗೆ ಬರುವ ರಬ್ಬರ್ ಪೈಪ್ ಬಿರುಕು ಬಿಟ್ಟರೆ ಹೀಗಾಗುತ್ತದೆ ಎಂಬ ಸಲಹೆ ಏರ್ ಫ್ಲೋ ಮೀಟರ್ ಇರುವ ಕಾರುಗಳದು. ಇವು ಮ್ಯಾಪ್ ಸೆನ್ಸರ್ ಕಾರುಗಳು, ನೋಡಬೇಕಾದ್ದು ಮ್ಯಾನಿಫೋಲ್ಡಿನಿಂದ ಆ ಸೆನ್ಸರಿಗೆ ಹೋಗುವ ಸಣ್ಣ ಹೋಸ್. ಅದು ಕಳಚಿದರೆ ಇಸಿಯು ಪೂರ್ತಿ ಲೋಡ್ ಎಂದು ತಿಳಿದು ಪೆಟ್ರೋಲ್ ಸುರಿಯುತ್ತದೆ, ಕಪ್ಪು ಹೊಗೆ ಬರುತ್ತದೆ. ಥ್ರಾಟಲ್ ಸೆನ್ಸರನ್ನು ಕೊಳ್ಳುವ ಮೊದಲು ಸಿಗ್ನಲ್ ವೈರಿಗೆ ಮೀಟರ್ ಹಿಡಿದು ಪೆಡಲನ್ನು ಮೆಲ್ಲಗೆ ಒತ್ತಿಸಿ. ಅರ್ಧ ವೋಲ್ಟಿನ ಆಸುಪಾಸಿನಿಂದ ತಡೆಯಿಲ್ಲದೆ ಏರಬೇಕು, ನಡುವೆ ಎಲ್ಲಾದರೂ ಸೊನ್ನೆಗೆ ಬಿದ್ದರೆ ಮಾತ್ರ ಹೊಸದು ತನ್ನಿ.

ಭಾನುವಾರ ಮನೆಯ ಮುಂದೆ ತಾನೇ ಕೆಲಸ ಮಾಡುವವರಿಗೆ, ಐದು ಸಾವಿರದೊಳಗೆ ಮುಗಿಸಬೇಕೆನ್ನುವವರಿಗೆ ನನ್ನ ಪಟ್ಟಿ ಇಷ್ಟೇ: ಪ್ರೆಶರ್ ಗೇಜ್, ಮಲ್ಟಿಮೀಟರ್, ಅರ್ಧ ಮೀಟರ್ ಆರ್9 ಹೋಸ್, ನಾಲ್ಕು ಕ್ಲಿಪ್ಪು. ಮನೆಯಲ್ಲಿ 2013ರ ನಂತರದ ಇನ್ನೊಂದು ಕಾರಿದ್ದರೆ ಸ್ಕ್ಯಾನರೂ ಇರಲಿ, ಅದಕ್ಕೆ ಕೆಲಸಕ್ಕೆ ಬರುತ್ತದೆ. ಗೇಜ್ ಕೊಳ್ಳುವಾಗ ಉದ್ದ ಹೋಸಿನದನ್ನೇ ಆರಿಸಿ. ಆದರೆ ಬಾನೆಟ್ ಸಂದಿನಿಂದ ಹೊರತಂದು ವಿಂಡ್‌ಶೀಲ್ಡಿಗೆ ಟೇಪ್ ಹಚ್ಚಿ ಓಡಿಸಿ ನೋಡುವುದಾದರೆ ಬಾನೆಟ್ ಎರಡನೇ ಕೊಂಡಿಗೆ ಬಿದ್ದಿದೆಯೇ, ಹೋಸ್ ಎಲ್ಲೂ ಮಡಚಿ ಹಿಸುಕಿಕೊಂಡಿಲ್ಲವೇ ಎಂದು ಹೊರಡುವ ಮೊದಲು ನೋಡಿಕೊಳ್ಳಿ, ಪಕ್ಕದಲ್ಲಿ ಮುಳ್ಳು ಓದಲು ಇನ್ನೊಬ್ಬರಿರಲಿ.